ಗಾಳಿಮರದ ಹುಳ ಮತ್ತು ನರ್ಸರಿಯ ಅಕ್ಕ

ಕಳೆದ ವಾರ ಕಾರವಾರದ ಮೀನುಪೇಟೆಯ ಹತ್ತಿರ ಒಬ್ಬ ದೋಣಿಯ ಇಂಜಿನ್ ಬಿಚ್ಚಿಟ್ಟುಕೊಂಡು, ಅದರ ಭಾಗಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸುತ್ತಿದ್ದ. ಆ ವಾಸನೆಗೆ ನನ್ನ ಕಾಲು ನಿಂತಿತು. ನೆನಪಾದದ್ದು ಅಂಕೋಲೆಯ ನರ್ಸರಿಯ ಅಕ್ಕ...

ಆಗ ನಾನು ಅರಣ್ಯ ಇಲಾಖೆಯಲ್ಲಿ ಹೊಸ ಗಾರ್ಡ್. ಬೊಬ್ರುವಾಡದ ಕಡೆ ಮರಳಲ್ಲಿ ನೆಟ್ಟ ಗಾಳಿಮರದ ಎಳೆಗಿಡಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಕ್ಕ ಅಲ್ಲಿನ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗಿದ್ದಳು. ಆ ಗಿಡಗಳನ್ನು ಬೀಜದಿಂದ ಎಬ್ಬಿಸಿದವಳೂ ಅವಳೇ. ಕಡಲ ಉಪ್ಪುಗಾಳಿಗೂ ಅವಳ ಶೇಂಗಾ ಗದ್ದೆಗೂ ನಡುವೆ ಇದ್ದದ್ದು ಅವಷ್ಟೇ.

ಗಿಡ ನೆಟ್ಟ ಮೂರನೆಯ ವರ್ಷ ಕಾಂಡಗಳ ಮೇಲೆ ಜೇಡರ ಬಲೆಯಂಥ ಕಂದು ಪಟ್ಟಿಗಳು ಕಾಣಿಸಿದವು. ತೊಗಟೆ ತಿನ್ನುವ ಹುಳ. ಮೇಲಧಿಕಾರಿಗಳು ಬಂದು ನೋಡಿ, ಹುಳ ಹಿಡಿದದ್ದನ್ನೆಲ್ಲ ಕಡಿದು ಸುಡಲು ಹೇಳಿ ಹೋದರು. ಮರುದಿನ ನಾನು ಕತ್ತಿ ತಂದೆ. ಅಕ್ಕ ಗಿಡಕ್ಕೆ ಅಡ್ಡ ನಿಂತಳು.

“ಎಂಟು ದಿವ್ಸ ಕೊಡಿ ಗಾರ್ಡ್ರೆ. ಅದು ಎಲ್ಲಿ ಮಲ್ಕಂತದೆ ಅಂತ ಮೊದ್ಲು ನೋಡ್ವ.”

ಕಡಿಯಲು ಆಳು ಸಿಗುತ್ತಿಲ್ಲವೆಂದು ಕಚೇರಿಗೆ ಸುಳ್ಳು ಹೇಳಿದೆ. ನೌಕರಿಯಲ್ಲಿ ನನ್ನ ಮೊದಲ ಸುಳ್ಳು ಅದು.

ಹುಳ ಬಲೆಯಲ್ಲೇ ಇರುತ್ತದೆಂದು ನಾನು ತಿಳಿದಿದ್ದೆ. ಅವಳು ತೆಂಗಿನ ನಾರಿನಿಂದ ಬಲೆ ಒರೆಸಿದಳು. ಕೊಂಬೆ ಕವಲೊಡೆಯುವಲ್ಲಿ ಸಣ್ಣ ತೂತು. ಬಲೆಯೆಂಬುದು ಹುಳ ಓಡಾಡುವ ದಾರಿಗೆ ಹೊದಿಸಿದ ಮಾಡು ಅಷ್ಟೇ. ಹಗಲೆಲ್ಲ ಹುಳ ತೂತಿನೊಳಗೆ. ಕೊಡೆಯ ಕಡ್ಡಿ ತೂರಿಸಿ ಚುಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ, ಮಣ್ಣು ಮೆತ್ತುತ್ತಿದ್ದಳು. ಗಿಡದಿಂದ ಗಿಡಕ್ಕೆ ನಾನು ಡಬ್ಬ ಹಿಡಿದು ಅವಳ ಹಿಂದೆ. ಗಂಜಿ ಉಣ್ಣುವಾಗಲೂ ಕೈಯಲ್ಲಿ ಅದೇ ವಾಸನೆ...

ಒಂದು ಹುಳವನ್ನು ಮಾತ್ರ ಕೊಲ್ಲಲಿಲ್ಲ. ತೊಗಟೆಯ ತುಂಡಿನೊಂದಿಗೆ ಬಾಟಲಿಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದಳು. ಏಕೆಂದು ಕೇಳಿದೆ.

“ಇಷ್ಟು ತ್ರಾಸು ಕೊಟ್ಟದ್ದು ಕಡೆಗೆ ಎಂತ ಆಗ್ತದೆ ಅಂತ ನೋಡ್ಬೇಡ್ವಾ?”

ಒಂಬತ್ತನೆಯ ದಿನ ಮೇಲಧಿಕಾರಿಗಳು ಬಂದರು. ಹೊಸ ಬಲೆ ಒಂದೂ ಇರಲಿಲ್ಲ. ಮಣ್ಣಿನ ಬಿರಡೆಗಳನ್ನು ಮುಟ್ಟಿ ನೋಡಿ, “ಇರಲಿ ಬಿಡು,” ಎಂದರು. ತುದಿಯ ಕೆಲವು ಗಿಡ ಒಣಗಿದವು, ಉಳಿದವು ಬದುಕಿದವು. ಮೊದಲ ಮಳೆ ಬಿದ್ದ ವಾರ ಬಾಟಲಿಯಲ್ಲೊಂದು ಮಂಕು ಬಣ್ಣದ ಪತಂಗ ಕೂತಿತ್ತು. ಅಕ್ಕ ಅದನ್ನೇ ಬಹಳ ಹೊತ್ತು ನೋಡಿದಳು.

“ಇಷ್ಟೇಯಾ... ಹಂಗಾರೆ ಮೊಟ್ಟೆ ಇಡೋದು ಈಗ. ಮಳೆ ಮುಗದ ಕೂಡ್ಲೆ ಗಿಡ ನೋಡ್ವ.”

ನನ್ನ ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ನನಗೆ ಕದ್ವಾಡದ ಕಡೆಗೆ ವರ್ಗವಾಯಿತು. ಈಚೆಗೆ ಅಕ್ಕ ತೀರಿಕೊಂಡದ್ದು ನನಗೆ ತಿಳಿಯುವಾಗ ತಿಂಗಳೇ ಕಳೆದಿತ್ತು.

ಮೊನ್ನೆ ಭಾನುವಾರ ಅವಳ ಮನೆಗೆ ಹೋದೆ. ಸೊಸೆ ಚಾ ಕೊಟ್ಟಳು.

“ಆಯಿ ಹೋಗೂಕಿಂತ ಮೊದ್ಲು ನಿಮ್ಗೆ ಫೋನ್ ಮಾಡು ಅಂತಿದ್ರು. ನಮ್ಮನೆ ಬೇಲಿ ಮೇಲೆ ಎಂತದೋ ಹೊಸ ಹುಳ ಕಂಡಿದ್ರಂತೆ. ನಂಬರ್ ಸಿಕ್ಲಿಲ್ಲ.”

“ಎಂಥ ಹುಳ?”

“ನಂಗೊತ್ತಿಲ್ಲ. ಅವ್ರೊಬ್ರೇ ನೋಡಿದ್ದು.”

ಚಾ ಕುಡಿದು, ಬೇಲಿಯುದ್ದಕ್ಕೂ ಎರಡು ಸಲ ಬಗ್ಗಿ ಹುಡುಕಿದೆ. ಏನೂ ಸಿಗಲಿಲ್ಲ.