ಲಾಂಚ್ ಕಾಯುತ್ತಾ ಓದಿದ ಕಾದಂಬರಿಗಳು

ಹೊಳೆಗೆ ಸೇತುವೆ ಆದ ದಿನ ಲಾಡು ಹಂಚಿದರು. ನಾನೂ ತಿಂದೆ. ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಬಾಯಿಗೆ ಹಾಕಿಕೊಂಡೆ, ಯಾಕೆಂದರೆ ಬಾಯಿ ಖಾಲಿಯಿದ್ದರೆ ಏನಾದರೂ ಮಾತಾಡಬೇಕಾಗುತ್ತಿತ್ತು. ಮಾತಾಡಿದ್ದರೆ 'ಅಯ್ಯೋ, ನನ್ನ ಓದು ಹಾಳಾಯಿತಲ್ಲ' ಅಂದುಬಿಡುತ್ತಿದ್ದೆ. ಅಲ್ಲಿ ಸೇರಿದ್ದ ಜನ ನನ್ನನ್ನು ಅನಾಮತ್ತಾಗಿ ಎತ್ತಿ ಹೊಸ ಸೇತುವೆಯ ಮೇಲಿಂದಲೇ ನೀರಿಗೆ ಹಾಕುತ್ತಿದ್ದರು. ಹಾಕಿದ್ದರೆ ತಪ್ಪೂ ಇರಲಿಲ್ಲ.

ನನ್ನ ಮನೆ ಸಾಗರದಲ್ಲಿ. ಕೆಲಸ ಹೊಳೆಯಾಚೆ, ಬ್ಯಾಕೋಡಿನ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಕೊಡುವುದು. ಹೊಳೆ ಅಂತ ಬಾಯಿಮಾತಿಗೆ ಅನ್ನುತ್ತೇವೆ. ನಿಜಕ್ಕೂ ಅದು ಅಣೆಕಟ್ಟಿನ ಹಿನ್ನೀರು, ಆ ದಡದಲ್ಲಿ ನಿಂತವರು ಗಂಡಸೋ ಹೆಂಗಸೋ ಈ ದಡಕ್ಕೆ ತಿಳಿಯದಷ್ಟು ಅಗಲ. ಅದನ್ನು ದಾಟಿಸಲು ಇದ್ದದ್ದು ಲಾಂಚ್. ಜನ, ಬೈಕು, ಕಾರು, ಗ್ಯಾಸ್ ಸಿಲಿಂಡರು, ಕೆಲವು ಸಲ ಒಂದು ಕರು, ಎಲ್ಲವನ್ನೂ ಒಟ್ಟಿಗೆ ಹೊತ್ತುಕೊಂಡು ಅದು ಗುಡುಗುಡು ಅನ್ನುತ್ತಾ ಬರುತ್ತಿತ್ತು, ಹೋಗುತ್ತಿತ್ತು. ಒಂದು ತಪ್ಪಿದರೆ ಇನ್ನೊಂದು ಬರುವವರೆಗೆ ದಡದಲ್ಲಿ ಕಾಯಬೇಕು. ರಜೆ ದಿನ ಹತ್ತಿರವಾದರೆ ಹೊಳೆಯಾಚೆಯ ದೇವಸ್ಥಾನಕ್ಕೆ ಬಂದವರ ಕಾರುಗಳ ಸಾಲು, ಅದರ ಗಲಾಟೆಯಲ್ಲಿ ಇನ್ನಷ್ಟು ತಡ. ಲಾಂಚಿಗೆ ಶಾಪ ಹಾಕದ ಮನುಷ್ಯ ಆ ಹೋಬಳಿಯಲ್ಲಿ ಇರಲಿಲ್ಲ, ನಾನೊಬ್ಬಳನ್ನು ಬಿಟ್ಟು.

ಯಾಕೆಂದರೆ ನನ್ನ ಇಡೀ ದಿನದಲ್ಲಿ ಯಾರೂ ನನ್ನನ್ನು ಏನೂ ಕೇಳದ ಜಾಗ ಅದೊಂದೇ. ಬೆಳಿಗ್ಗೆಯಿಂದ ಕಿಟಕಿಯೊಳಗೆ ಕೈಗಳು ಬರುತ್ತವೆ, ಕೈಯ ಹಿಂದೆಯೇ ಪ್ರಶ್ನೆ. "ಇದು ಊಟಕ್ಕೆ ಮುಂಚೆನಾ, ಆಮೇಲಾ?" ಚೀಟಿಯ ಮೇಲೆ ಬರೆದು, ಬಾಯಲ್ಲಿ ಹೇಳಿ, ಕೈಸನ್ನೆ ಮಾಡಿ ತೋರಿಸಿದರೂ ಬಾಗಿಲವರೆಗೆ ಹೋಗಿ ವಾಪಸು ಬರುತ್ತಾರೆ. "ಅಕ್ಕಾ, ಮುಂಚೆ ಅಂದ್ರಾ, ಆಮೇಲೆ ಅಂದ್ರಾ?" ಮನೆಗೆ ಬಂದರೆ ಬೇರೆ ಪ್ರಶ್ನೆಪತ್ರಿಕೆ. ನಾಳೆ ತಿಂಡಿಗೆ ಎಂತ, ಬಿಳಿ ಅಂಗಿ ಎಲ್ಲಿ, ಹಾಲಿಗೆ ಹೆಪ್ಪು ಹಾಕಿದ್ಯಾ. ನಡುವೆ ಆ ದಡ. ಅಲ್ಲಿ ಒಂದು ಸಿಮೆಂಟಿನ ಕಟ್ಟೆ, ಕಟ್ಟೆಗೆ ಮಧ್ಯಾಹ್ನ ಕಳೆದರೆ ನೆರಳು, ನನ್ನ ಬ್ಯಾಗಿನಲ್ಲಿ ಊಟದ ಡಬ್ಬಿಯ ಕೆಳಗೆ ಒಂದು ಕಾದಂಬರಿ.

ಕಾದಂಬರಿ ಅಂದರೆ ಬಹುಮಾನ ಬಂದದ್ದಲ್ಲ. ರಟ್ಟಿನ ಮೇಲೆ ಪಿಸ್ತೂಲೋ, ಕಣ್ಣೀರಿಟ್ಟ ಹೆಂಗಸೋ ಇರುವಂಥದ್ದು. ಸಾಗರದಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯೊಂದು ಬಾಗಿಲು ಹಾಕುವಾಗ ತೂಕಕ್ಕೆ ಮಾರಿದ್ದನ್ನು ಒಂದು ಚೀಲ ತುಂಬಾ ತಂದಿಟ್ಟುಕೊಂಡಿದ್ದೆ. ಅವುಗಳಲ್ಲಿ ಎಸ್ಟೇಟ್ ಬಂಗಲೆಗಳಿರುತ್ತವೆ. ಕೊಲೆಯಾಗುತ್ತದೆ, ಉಯಿಲು ಕಳೆಯುತ್ತದೆ, ಹುಡುಗಿ ಮಳೆಯಲ್ಲಿ ಯಾರದೋ ಕಾರು ಹತ್ತುತ್ತಾಳೆ. ನನಗೆ ಕೊಲೆಗಿಂತ ಮುಖ್ಯವಾದದ್ದು ಇನ್ನೊಂದು: ಆ ಬಂಗಲೆಗಳಲ್ಲಿ ಒಬ್ಬ ಅಡುಗೆಯವನು ಇರುತ್ತಾನೆ. ಯಾರೂ ಹೇಳದೆಯೇ ಟ್ರೇಯಲ್ಲಿ ಕಾಫಿ ಬರುತ್ತದೆ. ಎಂಥ ಸಂಕಟ ಬಂದರೂ ನಾಯಕಿ ಅಕ್ಕಿ ನೆನೆಸುವುದಿಲ್ಲ. ಅವಳು ಕಿಟಕಿಯ ಬಳಿ ನಿಂತು ಕಣ್ಣೀರು ಹಾಕುವಾಗ ಒಳಗಿನಿಂದ ಯಾರೂ "ಸೌಟು ಎಲ್ಲಿಟ್ಟಿದೀಯೇ?" ಅಂತ ಕೂಗುವುದಿಲ್ಲ. ಅಷ್ಟು ಪುರುಸೊತ್ತಾಗಿ ಅಳುವ ಭಾಗ್ಯವನ್ನು ನಾನು ಪುಟಗಟ್ಟಲೆ ಓದಿದ್ದೇನೆ. ವಿಷದ ಬಾಟಲಿಯ ವಿಷಯದಲ್ಲಿ ಬರೆದವರು ಬಾಯಿಗೆ ಬಂದದ್ದು ಬರೆದಿರುತ್ತಾರೆ, ಔಷಧಿಯ ಜೊತೆ ಬದುಕುವ ನನಗೆ ಅದು ಗೊತ್ತಾಗುತ್ತದೆ. ಆದರೂ ನಂಬುತ್ತೇನೆ. ನಂಬುವುದಕ್ಕೆ ತಾನೇ ಓದುವುದು.

ಅಧ್ಯಾಯ ಬಿಗಿಯಾದ ಕಡೆ ನಿಂತಿದ್ದರೆ, ಬಂದ ಲಾಂಚನ್ನು ಹೋಗಲು ಬಿಟ್ಟು ಮುಂದಿನದಕ್ಕೆ ಕೂತದ್ದೂ ಉಂಟು. ಮನೆಗೆ ಫೋನು ಮಾಡಿ "ಲಾಂಚ್ ಲೇಟು" ಅಂದರೆ ಮುಗಿಯಿತು. ಅದಕ್ಕೆ ಎದುರು ಮಾತಿರಲಿಲ್ಲ. ನನ್ನ ಗಂಡ ಫೋನು ಹಿಡಿದುಕೊಂಡೇ ಒಳಗೆ ಹೇಳುತ್ತಿದ್ದರು, "ಲಾಂಚ್ ಲೇಟಂತೆ." ಹಿಂದಿನಿಂದ ಅತ್ತೆಯ ದನಿ ತಪ್ಪದೆ ಕೇಳುತ್ತಿತ್ತು. "ಅಯ್ಯೋ ಪಾಪ. ನಾನೇ ಅನ್ನಕ್ಕಿಡ್ತೀನಿ ಬಿಡು." ನಾನು ಮನೆಗೆ ಹೋಗುವಷ್ಟರಲ್ಲಿ ಅನ್ನವೂ ಆಗಿರುತ್ತಿತ್ತು, ನಾಯಕಿಗೆ ಒಂದು ದಾರಿಯೂ ಆಗಿರುತ್ತಿತ್ತು.

ಈ ಸುಖದ ಅನ್ನದಲ್ಲೂ ಒಂದು ಕಲ್ಲು ಇತ್ತು. ನಮ್ಮ ಜೊತೆ ಲಾಂಚ್ ಕಾಯುವ ಹೈಸ್ಕೂಲು ಮೇಷ್ಟ್ರು ಒಬ್ಬರು. "ನಿಮ್ಮಂಥೋರು ಇಂಥದ್ದೆಲ್ಲ ಓದೋದಾ ಮೇಡಂ?" ಅಂತ ಶುರು ಮಾಡುತ್ತಿದ್ದರು. ಓದಿದರೆ ಬದುಕು ಅರ್ಥ ಆಗುವಂಥದ್ದನ್ನು ಓದಬೇಕಂತೆ. ಬದುಕು ನನಗೆ ಬೆಳಿಗ್ಗೆ ಬೇಗ ಎದ್ದಾಗಿನಿಂದಲೂ ಅರ್ಥವಾಗಿಯೇ ಇರುತ್ತದೆ, ಸ್ವಾಮಿ, ಅದರಿಂದ ಒಂದು ಗಂಟೆ ತಪ್ಪಿಸಿಕೊಳ್ಳಲು ಇಲ್ಲಿ ಕೂತಿದ್ದೇನೆ ಅಂತ ಹೇಳಬೇಕೆನ್ನಿಸುತ್ತಿತ್ತು. ಇಷ್ಟು ಉಪದೇಶ ಮಾಡಿದವರು ನನ್ನ ಪಕ್ಕದಲ್ಲೇ ಕೂತು, ಕತ್ತು ಉದ್ದ ಮಾಡಿ, ನಾನು ಪುಟ ಮಗುಚಿದರೆ "ಒಂದು ನಿಮಿಷ" ಅನ್ನುತ್ತಿದ್ದರು.

ಸೇತುವೆ ಬೇಕಿತ್ತು. ಅದರಲ್ಲಿ ಎರಡು ಮಾತಿಲ್ಲ. ಹೆರಿಗೆ ನೋವು ತಿನ್ನುತ್ತಾ ದಡದಲ್ಲಿ ಕಾದ ಹೆಂಗಸರನ್ನು ನಾನೇ ನೋಡಿದ್ದೇನೆ, ಅವರ ಕೈ ಹಿಡಿದುಕೊಂಡು ನಾನೂ ಲಾಂಚಿನವರ ಮೇಲೆ ಕೂಗಾಡಿದ್ದೇನೆ. ಅದಕ್ಕೇ ಮತ್ತೆ, ಈ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಊರಿಗೆ ಉಪಕಾರವಾದದ್ದು ನನಗೊಬ್ಬಳಿಗೆ ಅಪಕಾರವಾಯಿತು ಅಂದರೆ ನಾಲಿಗೆಯಲ್ಲಿ ಹುಳ ಬೀಳುತ್ತದೆ. ಮನೆಯವರೆಲ್ಲ ಒಂದು ಭಾನುವಾರ ಸೇತುವೆ ನೋಡಲು ಹೋದೆವು. ಅತ್ತೆ ಮದುವೆಮನೆಯ ಸೀರೆ ಉಟ್ಟು ಕಂಬಿ ಹಿಡಿದು ಫೋಟೊ ತೆಗೆಸಿಕೊಂಡರು. ಕೆಳಗೆ ಲಾಂಚಿನ ದಡ ಖಾಲಿ ಬಿದ್ದಿತ್ತು. "ಪೀಡೆ ಹೋತು ಮಾರಾಯ್ತಿ, ಇನ್ನು ಬೇಗ ಬತ್ತೀಯಲ," ಅಂದರು ಅತ್ತೆ. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ನಾನು ಕಟ್ಟೆಯನ್ನು ನೋಡುತ್ತಿದ್ದೆ.

ಈಗ ಆಸ್ಪತ್ರೆಯ ಮುಂದೆ ಹತ್ತಿದ ಬಸ್ಸು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೊಳೆ ದಾಟುತ್ತದೆ. ಬಸ್ಸಿನಲ್ಲಿ ಓದೋಣವೆಂದರೆ ನಮ್ಮ ರಸ್ತೆಯ ತಿರುವುಗಳಿಗೆ ಎರಡು ಸಾಲು ದಾಟುವ ಮೊದಲೇ ಹೊಟ್ಟೆ ತೊಳಸುತ್ತದೆ. ಹೀಗೆ ಬೆಳಕಿರುವಾಗಲೇ ಮನೆ ಸೇರುವ ಹೆಂಗಸು ನಾನಾದೆ. ಉಳಿದ ಆ ಗಂಟೆಯನ್ನು ಮನೆಯಲ್ಲಿ ಪ್ರಸಾದದ ಹಾಗೆ ಹಂಚಿಕೊಂಡರು. ಸಂಜೆಯ ತಿಂಡಿ ನನ್ನ ಪಾಲಿಗೆ ಬಂತು. ಗಂಡ ತರುತ್ತಿದ್ದ ಹಾಲು, ತರಕಾರಿ "ನೀನು ಹೆಂಗೂ ಆ ದಾರೀಲೇ ಬರ್ತೀಯಲ್ಲ" ಅಂತ ನನ್ನ ಚೀಲಕ್ಕೆ ಬಿತ್ತು. ಅನ್ನಕ್ಕಿಡುವುದು ಅತ್ತೆಯಿಂದ ನನಗೆ ದಾಟಿತು, ಯಾರೂ ಹೇಳಲೂ ಇಲ್ಲ, ಕೇಳಲೂ ಇಲ್ಲ.

ಆಗ ನನ್ನ ಕೈಯಲ್ಲಿದ್ದದ್ದು ಒಂದು ಪತ್ತೇದಾರಿ ಕಾದಂಬರಿ. ಎಸ್ಟೇಟಿನ ಧಣಿ ಸತ್ತಿದ್ದಾನೆ. ಅವನ ತಮ್ಮ, ಮನೆಯ ಡಾಕ್ಟರು, ನರ್ಸು ಮೂವರ ಮೇಲೂ ಅನುಮಾನ. ಎಲ್ಲರನ್ನೂ ಬಂಗಲೆಯ ಪಡಸಾಲೆಯಲ್ಲಿ ಕೂರಿಸಿ ಪತ್ತೇದಾರ ಬಾಯಿ ತೆರೆದಿದ್ದಾನೆ. ಸೇತುವೆಯ ಗಲಾಟೆ ಶುರುವಾದಾಗ ತೆರೆದ ಬಾಯಿ, ವಾರಗಳು ಕಳೆದರೂ ಹಾಗೆಯೇ ಇತ್ತು. ಬಸ್ಸಿನಲ್ಲಿ ಸಿಕ್ಕ ಮೇಷ್ಟ್ರು ಮೂರು ಸೀಟು ಆಚೆಯಿಂದ ಕೂಗಿ ಕೇಳುತ್ತಿದ್ದರು, "ಮೇಡಂ, ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಯ್ತಾ?" ಹೊಸಬರು ನನ್ನ ಕಡೆ ತಿರುಗಿ ನೋಡುತ್ತಿದ್ದರು. "ಇಲ್ಲ ಸರ್," ಅನ್ನುತ್ತಿದ್ದೆ. "ಇನ್ನೂ ಇಲ್ವಾ?" ಅನ್ನುವಾಗ ಅವರ ದನಿಯಲ್ಲಿ ನನ್ನ ಮೇಲೆ ಆಪಾದನೆ ಇರುತ್ತಿತ್ತು.

ಮನೆಯಲ್ಲಿ ಓದಲು ಪ್ರಯತ್ನಿಸಲಿಲ್ಲವೇ ಅಂದರೆ, ಪ್ರಯತ್ನಿಸಿದೆ. ಒಂದು ಸಂಜೆ ರೂಮಿನಲ್ಲಿ ಮಂಚಕ್ಕೆ ಒರಗಿ ಕೂತೆ. ಅತ್ತೆ ಬಂದು ಹಣೆ ಮುಟ್ಟಿ ನೋಡಿದರು. "ಎಂತ ಆತೇ? ತಲೆನೋವಾ?" ನಮ್ಮಲ್ಲಿ ಹೆಂಗಸು ಹೊತ್ತಿಳಿಯುವಾಗ ಸುಮ್ಮನೆ ಕೂತಿದ್ದಾಳೆ ಅಂದರೆ ಕಾಯಿಲೆಯೇ ಇರಬೇಕು. ನಾನು ಏನೂ ಹೇಳುವ ಮೊದಲೇ ಶುಂಠಿ ಕಷಾಯ ಬಂತು. ಬಿಸಿ ಬಿಸಿ ಕುಡಿದು ಹೊದ್ದು ಮಲಗಲು ಹೇಳಿ ದೀಪ ಆರಿಸಿ ಹೋದರು. ಕತ್ತಲಲ್ಲಿ, ಬೆವರುತ್ತಾ, ಎದೆಯ ಮೇಲೆ ಪುಸ್ತಕ ಇಟ್ಟುಕೊಂಡು ಮಲಗಿದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಾರನೆಯ ದಿನ ಧೈರ್ಯ ಮಾಡಿ ಬಾಯಿಬಿಟ್ಟು ಹೇಳಿದೆ. "ಅತ್ತೆ, ನಂಗೆ ಎಂತದೂ ಆಗ್ಲಿಲ್ಲ. ಸ್ವಲ್ಪ ಹೊತ್ತು ಓದ್ತೀನಿ."

"ಓದು, ಓದು. ಯಾರು ಬ್ಯಾಡ ಅಂದ್ರು?" ಅಂದರು ಅತ್ತೆ. "ಹಂಗೇ ಕುಕ್ಕರ್ ಕೂಗಿದ್ರೆ ಆರಿಸು."

ಈ 'ಹಂಗೇ' ಅನ್ನುವ ಮಾತಿನಷ್ಟು ನನ್ನ ರಕ್ತ ಕುದಿಸುವ ಮಾತು ಇನ್ನೊಂದಿಲ್ಲ. ಓದು, ಹಂಗೇ ಒಲೆ ಮೇಲಿನ ಹಾಲು ನೋಡು. ಓದು, ಹಂಗೇ ಗೇಟಿನ ಶಬ್ದ ಆದರೆ ಯಾರೂಂತ ನೋಡು. ಓದುತ್ತಲೇ ಇರು, ಹಂಗೇ ನನ್ನ ಚಾರ್ಜರ್ ಎಲ್ಲಿದೆ ಹೇಳು, ಇದು ಗಂಡನದ್ದು. ಪತ್ತೇದಾರ "ಕೊಲೆಗಾರ ಇದೇ ಕೋಣೆಯಲ್ಲಿದ್ದಾನೆ" ಅನ್ನುವ ಸಾಲನ್ನು ನಾನು ಎಷ್ಟು ಸಲ ಓದಿದೆನೋ, ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. ಕೊಲೆಗಾರರು ನಮ್ಮ ಮನೆಯಲ್ಲೇ ಇದ್ದರು. ಇದೇ ಅತ್ತೆಯ ಧಾರಾವಾಹಿ ಶುರುವಾದರೆ ಮಾತ್ರ ಮನೆಯಲ್ಲಿ ಪಾತ್ರೆ ಸದ್ದು ಮಾಡುವ ಹಾಗಿಲ್ಲ. ಟೀವಿಯಲ್ಲಿನ ಸೊಸೆಗೆ ಅನ್ಯಾಯವಾದರೆ ಅವರ ಕಣ್ಣಲ್ಲಿ ನೀರು ಬರುತ್ತದೆ. ಕಣ್ಣೊರೆಸಿಕೊಂಡು "ಒಂದ್ ಲೋಟ ಚಾ ಮಾಡೇ" ಅನ್ನುತ್ತಾರೆ. ಒಳ್ಳೆಯವರು, ಹಾಗಂತಲೇ ಸಿಟ್ಟು ಮಾಡುವುದೂ ಕಷ್ಟ. ಬೈಯುವ ಅತ್ತೆಯಾಗಿದ್ದರೆ ಜಗಳವಾಡಿಯಾದರೂ ಒಂದು ಗಂಟೆ ಗೆಲ್ಲಬಹುದಿತ್ತು. ಯಾರೂ ಬೇಡ ಅನ್ನದಿದ್ದರೆ ಯಾರ ಹತ್ತಿರ ಬೇಕು ಅನ್ನುವುದು?

ಹೋದ ಚಳಿಗಾಲದ ಒಂದು ಸಂಜೆ. ಆಸ್ಪತ್ರೆಯಲ್ಲಿ ಅವತ್ತು ಜನವೋ ಜನ. ಒಬ್ಬ ಅಜ್ಜ "ಊಟಕ್ಕೆ ಮುಂಚೆನಾ, ಆಮೇಲಾ?" ಕೇಳಿದ್ದಕ್ಕೆ "ನಿಮ್ಮಿಷ್ಟ" ಅಂದುಬಿಟ್ಟು, ಅವರು ಕಂಗಾಲಾದ ಮೇಲೆ ಕರೆದು ಕೂರಿಸಿ ಹೇಳಿದೆ. ಬಸ್ಸು ಹತ್ತುವಾಗಲೇ ಗಂಡನ ಫೋನು. ರಾತ್ರಿ ನೆಂಟರು ಬರುತ್ತಾರೆ, ಬರುವಾಗ ಕೊತ್ತಂಬರಿ ಸೊಪ್ಪು, ಹಂಗೇ ಹಸಿಮೆಣಸು. ಬಸ್ಸು ಸೇತುವೆ ದಾಟಿತು. ಹಳೆಯ ಲಾಂಚಿನ ದಡಕ್ಕೆ ಇಳಿಯುವ ರಸ್ತೆ ಕಂಡಿತು. ನಾನು ಎದ್ದು ನಿಂತು "ಇಳೀತೀನಿ" ಅಂದೆ.

"ಇಲ್ಲೆಂತಕ್ಕೆ ಮೇಡಂ? ಲಾಂಚ್ ಇಲ್ಲಲ," ಅಂದ ಕಂಡಕ್ಟರ್.

"ಗೊತ್ತುಂಟು," ಅಂದೆ.

ಇದು ಸಾಗರದ ಕಡೆಯ ದಡ. ಇಲ್ಲೂ ಆಚೆ ದಡದಂಥದೇ ಒಂದು ಕಟ್ಟೆ. ಮೇಲೆ ಒಣಗಿದ ಎಲೆ ಬಿದ್ದಿತ್ತು, ಸೆರಗಿನಿಂದ ಒರೆಸಿ ಕೂತೆ. ಚಹಾ ಮಾರುತ್ತಿದ್ದ ಗೂಡಂಗಡಿಗೆ ಬೀಗ. ನೀರು ದಡಕ್ಕೆ ಬಡಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಪುಸ್ತಕ ತೆಗೆದೆ. ಪತ್ತೇದಾರ ನನಗಾಗಿ ಬಾಯಿ ತೆರೆದುಕೊಂಡೇ ಕಾದಿದ್ದ. ನರ್ಸು ಅಲ್ಲ ಅಂತಾಯಿತು. ತಮ್ಮ ಅಲ್ಲ ಅಂತ ಆಗುತ್ತಿತ್ತು. ಫೋನು ಬಡಿದುಕೊಂಡಿತು.

"ಎಲ್ಲಿದೀಯ? ಬಸ್ಸು ಬಂದು ಆಗ್ಲೇ ಹೋತಂತಲ್ಲ," ಅಂದರು ಗಂಡ.

ಬಸ್ಸು ಕೆಟ್ಟಿತ್ತು ಅನ್ನಬಹುದಿತ್ತು. ಆಸ್ಪತ್ರೆಯಲ್ಲಿ ಮೀಟಿಂಗ್ ಅನ್ನಬಹುದಿತ್ತು. ಓದುತ್ತಿದ್ದೇನೆ ಅಂದಿದ್ದರೆ "ಓದು, ಹಂಗೇ ಬೇಗ ಬಾ" ಅನ್ನುತ್ತಿದ್ದರು. ನನಗೆ ಯಾವ ಹೊಸ ಸುಳ್ಳನ್ನೂ ಕಟ್ಟುವ ತ್ರಾಣ ಇರಲಿಲ್ಲ.

"ದಡದಲ್ಲಿದೀನಿ," ಅಂದೆ. "ಲಾಂಚ್ ಲೇಟು."

ಬೈಯುತ್ತಾರೆ ಅಂದುಕೊಂಡೆ, ಇಲ್ಲವೇ ಹುಷಾರಿದೀಯಾ ಅಂತ ಕೇಳುತ್ತಾರೆ. ಹಿಂದೆ ಕುಕ್ಕರಿನ ಸದ್ದು. ಅತ್ತೆ "ಎಂತಂತೆ?" ಅಂದದ್ದು ಕೇಳಿತು. ಗಂಡ ಗಂಟಲು ಸರಿಮಾಡಿಕೊಂಡರು. "ಲಾಂಚ್ ಲೇಟಂತೆ," ಅಂದರು.

"ಅಯ್ಯೋ ಪಾಪ," ಅಂದರು ಅತ್ತೆ. "ನಾನೇ ಅನ್ನಕ್ಕಿಡ್ತೀನಿ ಬಿಡು."

ಫೋನು ಇಟ್ಟ ಮೇಲೆ ನನಗೆ ಅಳು ಬಂತು, ಸಿಟ್ಟಿನ ಅಳು. ಓದುತ್ತೇನೆ ಅಂತ ಕೇಳಿದಾಗ ಇಷ್ಟು ದಿನ ಸಿಗದ ಗಂಟೆ, ಇಲ್ಲದ ಲಾಂಚಿನ ಹೆಸರು ಹೇಳಿದ ಕೂಡಲೇ ಸಿಕ್ಕಿತ್ತು. ಕಷ್ಟ ಅಂದರೆ ಕರಗುತ್ತಾರೆ, ಜ್ವರ ಅಂದರೆ ಕಷಾಯ ಕಾಯಿಸುತ್ತಾರೆ. ನನಗೆ ಇಷ್ಟ, ಅದಕ್ಕೆ ಬೇಕು ಅಂದರೆ ಮಾತ್ರ ಆ ಮಾತು ಮನೆಯಲ್ಲಿ ಯಾರ ಕಿವಿಗೂ ಬೀಳುವುದಿಲ್ಲ. ಕಣ್ಣೊರೆಸಿಕೊಂಡು ಮುಂದಕ್ಕೆ ಓದಿದೆ. ಡಾಕ್ಟರೇ ಕೊಂದದ್ದು. ನನಗೆ ಮೊದಲಿಂದಲೂ ಅವನ ಮೇಲೇ ಅನುಮಾನ ಇತ್ತು.

ಸೇತುವೆಯ ಮೇಲೆ ನಿಂತು ಫೋಟೊ ತೆಗೆಸಿಕೊಂಡ ಅತ್ತೆ ಅವತ್ತು ಮರೆತು ಹಾಗಂದರೋ, ಗೊತ್ತಿದ್ದೇ ಅಂದರೋ, ನಾನು ಕೇಳಿಲ್ಲ. ಕೇಳಿದರೆ ಸಿಕ್ಕ ಈ ಗಂಟೆಯೂ ಹೋಗುತ್ತದೆ ಅಂತ ಭಯ. ಈಗಲೂ ಆಗಾಗ ನನ್ನ ಲಾಂಚ್ ಲೇಟಾಗುತ್ತದೆ. ನಾನು ಮನೆ ಸೇರುವಷ್ಟರಲ್ಲಿ ಅನ್ನ ಆಗಿರುತ್ತದೆ.