ಗೌಡರ ಜಾಮೀನು ನಡೆಯಲಿಲ್ಲ

ಮೊನ್ನೆ ಬೀರುವಿನ ಕೆಳಗಿನ ಖಾನೆ ತೆರೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಒಳಗಿದ್ದದ್ದು ನನ್ನ ಹಳೆಯ ಶಾಲು. ನೆನಪಾದದ್ದು ಮಾತ್ರ ಒಂದು ಜರಿ ರುಮಾಲು, ಅದನ್ನು ಸುತ್ತಿಕೊಳ್ಳುತ್ತಿದ್ದ ಗೌಡರು...

ಐವತ್ತರ ದಶಕದಲ್ಲಿ ನಾನು ಮಿಲ್ಲಿನಲ್ಲಿ ಗುಮಾಸ್ತನಾಗಿದ್ದೆ. ಮಾಗಡಿ ರಸ್ತೆಯ ಪಕ್ಕದ ಹಳ್ಳಿಯಲ್ಲಿ ಗೌಡರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಆ ರುಮಾಲು ನುಸಿಗುಳಿಗೆ ಹಾಕಿದ ಟ್ರಂಕಿನಿಂದ ಹೊರಬರುತ್ತಿದ್ದದ್ದು ಮದುವೆಗೆ, ಇಲ್ಲವೇ ಕೋರ್ಟಿಗೆ. ಊರಿನವರು ಯಾರೇ ಪೊಲೀಸರ ಕೈಗೆ ಸಿಕ್ಕಲಿ, ಜಾಮೀನಿಗೆ ಗೌಡರೇ ಆಗಬೇಕು. ಇವನು ವಾಯಿದೆಗೆ ಬರದಿದ್ದರೆ ಇಷ್ಟು ದುಡ್ಡು ನಾನು ಕಟ್ಟುತ್ತೇನೆ ಎಂದು ಬರೆಸಿ, ಹೊಲದ ಕಂದಾಯ ರಸೀದಿ ತೋರಿಸಿ, ಹೆಬ್ಬೆಟ್ಟು ಒತ್ತಿ ಬಿಡಿಸಿಕೊಂಡು ಬರುತ್ತಿದ್ದರು. ದಾರಿಯುದ್ದಕ್ಕೂ ಅವನಿಗೆ ಬೈಗುಳದ ಅಭಿಷೇಕ ಬೇರೆ.

ಒಮ್ಮೆ ನಮ್ಮ ಬೀದಿಯ ಜಟಕಾ ಸಾಬರನ್ನು ಹಿಡಿದುಕೊಂಡು ಹೋದರು. ಜವಳಿ ವ್ಯಾಪಾರಿಯೊಬ್ಬನ ಗಂಟು ಅವರ ಗಾಡಿಯಲ್ಲಿ ಕಾಣೆಯಾಗಿತ್ತಂತೆ. ಮ್ಯಾಜಿಸ್ಟ್ರೇಟರು ಮೊದಲ ದಿನವೇ ಜಾಮೀನು ಮಂಜೂರು ಮಾಡಿದರು. ಆದರೆ ಆಸ್ತಿವಂತನೊಬ್ಬ ಹೊಣೆ ನಿಲ್ಲುವವರೆಗೆ ಜೈಲಿನ ಬಾಗಿಲು ತೆರೆಯುವುದಿಲ್ಲ. ಆ ಮಂಜೂರಾತಿ ಇಟ್ಟುಕೊಂಡು ಸಾಬರ ಹೆಂಡತಿ ಉಪ್ಪಿನಕಾಯಿ ಹಾಕಬೇಕಿತ್ತೆ?

ಗೌಡರು ಸಾಬರ ಕುದುರೆಯನ್ನು ತಮ್ಮ ಕೊಟ್ಟಿಗೆಯಲ್ಲಿ ಕಟ್ಟಿ, ಹುರುಳಿ ಬೇಯಿಸಿ ಹಾಕಿಸಿ, ರುಮಾಲು ಸುತ್ತಿಕೊಂಡು ಹೊರಟರು. ನಾನೂ ರಜೆ ಹಾಕಿ ಜೊತೆಗೆ ಹೋದೆ. ಕೋರ್ಟಿನ ಗುಮಾಸ್ತ ರಸೀದಿ ನೋಡಿ ತಲೆಯಲ್ಲಾಡಿಸಿದ.

"ಈ ಹೊಲ ಹೊಸ ಬಡಾವಣೆಗೆ ಅಂತ ಸರ್ಕಾರದವರು ತಗೊಂಡಾಗಿದೆ. ನಿಮ್ಮ ಜಾಮೀನು ನಡೆಯಲ್ಲ ಗೌಡ್ರೆ."

"ಹೊಲ ಹೋಗೈತೆ ಸ್ವಾಮಿ, ನಾನಿನ್ನೂ ಇಲ್ಲೇ ಇವ್ನಲ್ಲ! ಅವ್ನು ಓಡೋಗಾಕೆ ಕುದ್ರೇನೂ ಇಲ್ಲ, ನನ್ ಕೊಟ್ಟಿಗೇಲೈತೆ."

ಗುಮಾಸ್ತ ನಕ್ಕುಬಿಟ್ಟ. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಹೊಲ ಕಿತ್ತುಕೊಂಡವರು ಪರಿಹಾರದ ಒಂದು ಕಾಸನ್ನೂ ಇನ್ನೂ ಕೊಟ್ಟಿರಲಿಲ್ಲ, ಗೌಡರ ಮಾತಿನ ಬೆಲೆಯನ್ನು ಮಾತ್ರ ಆಗಲೇ ಕಿತ್ತುಕೊಂಡಿದ್ದರು.

ಹೊರಗೆ ಮರದ ಕೆಳಗೆ ಬಾಡಿಗೆ ಜಾಮೀನುದಾರರು ಬೀಡಿ ಸೇದುತ್ತಾ ಕೂತಿರುತ್ತಿದ್ದರು. ಎಲ್ಲಿಯದೋ ಹೊಲದ ಕಾಗದ ಹಿಡಿದು, ದುಡ್ಡು ಕೊಟ್ಟರೆ ಯಾರಿಗೆ ಬೇಕಾದರೂ ಹೊಣೆ ನಿಲ್ಲುವವರು. ಬೇರೆ ದಾರಿ ಕಾಣದೆ ಸಾಬರ ಹೆಂಡತಿ ಕುದುರೆ ಮಾರಿ ಆ ದುಡ್ಡನ್ನು ಅವರಲ್ಲೊಬ್ಬನಿಗೆ ಕೊಟ್ಟರು. ಕೊಟ್ಟಿಗೆಯಿಂದ ಹಗ್ಗ ಬಿಚ್ಚಿಕೊಟ್ಟವರು ಗೌಡರೇ. ಸಾಬರನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದ ಗೌಡರ ಮಾತು ನಡೆಯಲಿಲ್ಲ. "ಇವ್ರಲ್ಲಿ ನಮ್ ಆಸಾಮಿ ಯಾರು ಸಾರ್?" ಎಂದು ನನ್ನನ್ನೇ ಕೇಳಿದ ಬಾಡಿಗೆಯವನ ಸಹಿ ನಡೆಯಿತು! ಇದನ್ನು ನ್ಯಾಯ ಎನ್ನಬೇಕಂತೆ.

ಮುಂದೆ ಆ ಗಂಟು ವ್ಯಾಪಾರಿಯ ಭಾವಮೈದುನನ ಮನೆಯಲ್ಲೇ ಸಿಕ್ಕಿ ಕೇಸು ವಜಾ ಆಯಿತು. ಕುದುರೆ ತಿರುಗಿ ಬರಲಿಲ್ಲ. ಸಾಬರು ಮೂಟೆ ಹೊರುವ ಕೂಲಿಗೆ ಹೋದರು. ಜಾಮೀನಿನ ಮೇಲೆ ಬಿಡುಗಡೆಯಾದ ದಿನ ಅವರು ಗೌಡರನ್ನು ನೋಡಲು ಬಂದಾಗ ಗೌಡರು ಹಿತ್ತಲಿನಿಂದ ಈಚೆಗೆ ಬರಲೇ ಇಲ್ಲ. "ಮನೇಲಿಲ್ಲ ಅಂತ ಹೇಳಪ್ಪ" ಎಂದು ನನ್ನನ್ನು ಕಳಿಸಿದರು... ಆಮೇಲೆ ಯಾರೂ ಅವರನ್ನು ಜಾಮೀನಿಗೆ ಕರೆಯಲಿಲ್ಲ.

ಗೌಡರು ಹೋಗಿ ಬಹಳ ವರ್ಷಗಳಾದವು. ಅಂಥವರು ಈಗಿಲ್ಲ. ಅವರ ಹೊಲವನ್ನು ಸೈಟುಗಳಾಗಿ ಹಂಚಿದಾಗ ಒಂದು ನನಗೂ ಬಂತು. ಅಲ್ಲೇ ಕಟ್ಟಿಸಿದ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹೋದ ತಿಂಗಳು ಯಾರೋ ತಾಯಿ ಬಂದು ಅತ್ತಳೆಂದು ಅವಳ ಮಗನಿಗೆ ಜಾಮೀನು ನಿಲ್ಲಲು ಕೋರ್ಟಿಗೆ ಹೋಗಿದ್ದೆ. ಈ ಸೈಟಿನ ಕಂದಾಯ ರಸೀದಿ ತೋರಿಸಿದೆ, ಒಂದೂ ಪ್ರಶ್ನೆ ಕೇಳದೆ ಒಪ್ಪಿಕೊಂಡರು. ಆ ಹುಡುಗನ ಮುಖವನ್ನು ನಾನು ನೋಡಿದ್ದು ಅವತ್ತೇ ಮೊದಲು.