ಡ್ರೋನ್ ಪೈಲಟ್‌ನ ನುಡಿಮುತ್ತುಗಳು

"ಗಾಳಿ ಜೊತೆ ಜಗಳ ಬೇಡ, ಬ್ಯಾಟರಿ ಜೊತೆ ಜೂಜು ಬೇಡ. ಇಂಥ ಮಾತು ಬಾಯಿಪಾಠ ಇದ್ರೆ ಡ್ರೋನ್ ಎಲ್ಲೂ ಬೀಳಲ್ಲ ಕಣಮ್ಮ" ಎಂದು ಪೈಲಟ್ ನನಗೆ ಹೇಳುತ್ತಿದ್ದಾಗಲೇ ಮೇಲೆ ಕರಕರ ಸದ್ದಾಯಿತು. ಅವನ ಮಾತು ನಿಜವಾಯಿತು. ಡ್ರೋನ್ ಬೀಳಲಿಲ್ಲ, ತೆಂಗಿನ ಗರಿಗಳ ನಡುವೆ ಸಿಕ್ಕಿಕೊಂಡು ಅಲ್ಲೇ ನಿಂತಿತು.

ತೆಂಗಿನ ಗರಿ ತಿನ್ನುವ ಕಪ್ಪು ತಲೆ ಹುಳುವಿಗೆ ಔಷಧಿ ಹೊಡೆಯಲು ಹೊನ್ನವಳ್ಳಿಯ ನಮ್ಮ ತೋಟಕ್ಕೆ ಬಂದಿದ್ದ ಆತ ಹೊಸದಾಗಿ ತರಬೇತಿ ಮುಗಿಸಿದವನು. "ಹಾರಿಸುವ ಮುನ್ನ ಮೇಲೆ ನೋಡು" ಎಂದು ಅವನ ಟೀ ಶರ್ಟಿನಲ್ಲೇ ಅಚ್ಚಾಗಿತ್ತು. ಬೆನ್ನ ಮೇಲೆ ಅಚ್ಚಾಗಿದ್ದರಿಂದ ಅದನ್ನು ಓದಿದವರು ನಾವು ಮಾತ್ರ.

ಕತ್ತೆತ್ತಿ ಸ್ವಲ್ಪ ಹೊತ್ತು ನೋಡಿದವನು, "ಮರಾನ ಇಷ್ಟೆತ್ತರ ಬೆಳೆಸ್ಬಾರ್ದಿತ್ತು ನೀವು" ಎಂದು ನಮ್ಮನ್ನೇ ಗದರಿದ.

ಆ ಮರ ನೆಟ್ಟವರು ನನ್ನ ಅತ್ತೆ. ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, "ನೆಡೋವಾಗ ನಿನ್ನ ಒಂದ್ ಮಾತು ಕೇಳ್ಬೇಕಿತ್ತು ಕಣಪ್ಪ, ತಪ್ಪಾಯ್ತು ಬುಡು" ಎಂದರು.

ಮರ ಹತ್ತುವವರನ್ನು ಕರೆಸಿ ಡ್ರೋನ್ ಇಳಿಸಿಕೊಟ್ಟೆವು. ಪೈಲಟ್ ತನ್ನ ನುಡಿಮುತ್ತುಗಳ ಸಮೇತ ಊರು ಬಿಟ್ಟ. ಹುಳು ಮಾತ್ರ ಇನ್ನೂ ಮರದಲ್ಲೇ ಇದೆ. ಅದಕ್ಕೆ ಒಂದು ನುಡಿಮುತ್ತೂ ಬರುವುದಿಲ್ಲ, ಆದರೆ ಯಾವ ಗರಿಯನ್ನೂ ಬಿಡದೆ ಮುಟ್ಟುತ್ತದೆ.